ಸಕ್ಕರೆ ಕುದುರೆಯ ಅಚ್ಚು

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಅಚ್ಚುಗಳಿದ್ದ ಜಾಗದಲ್ಲಿ ಮಣ್ಣಿತ್ತು. ಗೆದ್ದಲು ಮರವನ್ನೆಲ್ಲ ತಿಂದು, ಹೊರಗೆ ತೆಳ್ಳಗೆ ಮಣ್ಣು ಮೆತ್ತಿ, ಹಲಗೆಯ ಆಕಾರವನ್ನು ಮಾತ್ರ ಹಾಗೇ ಉಳಿಸಿತ್ತು. ಒಂದನ್ನು ಎತ್ತಲು ಹೋದೆ. ಬೆರಳುಗಳ ನಡುವೆಯೇ ಪುಡಿಯಾಯಿತು. ಒಳಗೆ ಏನು ಕೆತ್ತಿತ್ತೆಂದು ನೋಡುವುದಕ್ಕೂ ಏನೂ ಸಿಗಲಿಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಪೆಟ್ಟಿಗೆಯನ್ನು ಹಿತ್ತಲಿಗೆ ಹಾಕು ಎಂದು ಸನ್ನೆ ಮಾಡಿದರು.

ಅಮ್ಮನ ವರ್ಷದ ಕಾರ್ಯ ಮುಗಿದಿತ್ತು. ಕುಣಿಗಲ್‌ನಲ್ಲಿ ನಮ್ಮ ಮನೆಯೂ ಅತ್ತೆಯ ಮನೆಯೂ ಒಂದೇ ಬೀದಿಯಲ್ಲಿದ್ದವು. ಅತ್ತೆ ನನ್ನ ಅಪ್ಪನ ತಂಗಿ. ಪ್ರತಿ ಸಂಕ್ರಾಂತಿಯ ಮುಂಚೆ ಅತ್ತೆ, ಅಮ್ಮ ಇಬ್ಬರೂ ಸೇರಿ ಅತ್ತೆಯ ಅಡುಗೆಮನೆಯಲ್ಲಿ ಸಕ್ಕರೆ ಅಚ್ಚು ಮಾಡುತ್ತಿದ್ದರು. ಪಾಕ ನೋಡಿ ಹುಯ್ಯುವುದು ಅತ್ತೆ. ಅಚ್ಚಿನ ಹೋಳುಗಳನ್ನು ಜೋಡಿಸಿ, ದಾರ ಸುತ್ತಿ, ಸಕ್ಕರೆ ಬಿಗಿದ ಮೇಲೆ ಬಿಚ್ಚುವುದು ಅಮ್ಮ. ಬೀದಿಯ ಎಲ್ಲ ಮನೆಗಳ ಎಳ್ಳುಬೆಲ್ಲದ ತಟ್ಟೆಗೂ ಇಲ್ಲಿಂದಲೇ ಅಚ್ಚು ಹೋಗುತ್ತಿತ್ತು. ಅಮ್ಮ ತೀರಿಹೋದ ವರ್ಷ ನಮಗೆ ಹಬ್ಬವಿರಲಿಲ್ಲ, ಪೆಟ್ಟಿಗೆ ತೆಗೆಯಲಿಲ್ಲ. ಗೆದ್ದಲಿಗೆ ಆ ಒಂದು ವರ್ಷ ಸಾಕಾಯಿತು.

"ಈ ಸರ್ತಿ ಅಂಗ್ಡೀಲಿ ತಂದ್ರಾಯ್ತು ಬುಡು," ಎಂದರು ಅತ್ತೆ. "ಅಚ್ಚಿದ್ರೂ ಕಟ್ಟೋರ್ಯಾರು? ನನ್ ಕೈ ನೋಡು." ಬೆರಳ ಗೆಣ್ಣುಗಳು ಊದಿ ಹುಣಸೆಕಾಯಿಯಂತಾಗಿದ್ದವು. ದಾರದ ಗಂಟು ಬಿಚ್ಚುವುದಿರಲಿ, ಡಬ್ಬಿಯ ಮುಚ್ಚಳವನ್ನೂ ಅವರು ಮಾವನ ಕೈಯಲ್ಲೇ ತೆಗೆಸುತ್ತಿದ್ದರು.

ಮಾವ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದರು. ಅವರು ಊರಿನ ಕುದುರೆ ಫಾರಂನಲ್ಲಿ ದುಡಿದು ನಿವೃತ್ತರಾದವರು, ಸದಾ ತಮಾಷೆಯ ಮನುಷ್ಯ. ಆ ದಿನ ಮಾತ್ರ ದಾರಿಯುದ್ದಕ್ಕೂ ಒಂದೂ ತಮಾಷೆ ಮಾಡದೆ, ಬಸ್ಸು ಬಂದಾಗ ಹೇಳಿದರು: "ನಿಮ್ಮವ್ವ ಹೋದ್ಮ್ಯಾಕೆ ಇವ್ಳು ಒಲೆ ಹಚ್ಚೋದು ಅನ್ನ ಸಾರಿಗೆ ಮಾತ್ರ ಕಣೋ. ಇದೂ ಬುಟ್ಳು ಅಂದ್ರೆ ಇನ್ನ ಆ ಅಡಿಗೆಮನೇಲಿ ಏನೂ ಇರಕಿಲ್ಲ."

ಅಚ್ಚು ನಾನು ಮಾಡುತ್ತೇನೆ ಎಂದೆ.

"ನೀನಾ? ಹೋದ್ ವರ್ಷ ಜೇನು ಸಾಕ್ತೀನಿ ಅಂತಿದ್ದೆ," ಎಂದರು ಮಾವ. ಅಷ್ಟು ಹೊತ್ತಿಗೆ ಅವರ ಮುಖಕ್ಕೆ ಹಳೆಯ ಕಳೆ ಬಂದಿತ್ತು.

ಅವರು ಹೇಳಿದ್ದು ಸುಳ್ಳಲ್ಲ. ಕೂತಲ್ಲಿ ಕೂರಲಾಗದ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದು. ಅಳೆಯದೆ ಯಾವುದನ್ನೂ ನಂಬದ ಕಾಯಿಲೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಬಂದದ್ದು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿ ಎರಡನೆಯ ಕಾಯಿಲೆ ಇನ್ನಷ್ಟು ಬಲಿತಿದೆ. ಮೊದಲನೆಯದಕ್ಕೆ ಈಚೆಗೆ ಸಿಕ್ಕಿದ ಮದ್ದು ಸ್ಕ್ರೋಲ್ ಸಾ ಎಂಬ, ಮರದಲ್ಲಿ ಆಕಾರ ಕತ್ತರಿಸುವ ಗರಗಸ ಯಂತ್ರ.

ತುಮಕೂರಿನ ಮನೆಯಲ್ಲಿ ಮೆಟ್ಟಿಲ ಕೆಳಗೆ ಅದನ್ನು ಇಟ್ಟಿದ್ದೇನೆ. ದೂರದಿಂದ ನೋಡಿದರೆ ಹೊಲಿಗೆ ಯಂತ್ರದ ಹಾಗೆ ಕಾಣುತ್ತದೆ: ಒಂದು ಚಪ್ಪಟೆ ಮೇಜು, ಅದರ ನಡುವಿನ ತೂತಿನಲ್ಲಿ ಮೇಲಕ್ಕೂ ಕೆಳಕ್ಕೂ ಕುಣಿಯುವ, ದಪ್ಪ ದಾರದಂಥ ಬ್ಲೇಡು. ಗರಗಸ ನಿಂತಲ್ಲೇ ಇರುತ್ತದೆ, ಮರವನ್ನು ನಾವು ತಿರುಗಿಸುತ್ತ ಹೋಗಬೇಕು. ಅವಸರ ಮಾಡಿ ಒತ್ತಿದರೆ ಬ್ಲೇಡು ಬಿಲ್ಲಿನಂತೆ ಬಾಗುತ್ತದೆ. ಮೇಲೆ ಗೆರೆ ಸರಿಯಾಗಿ ಕಂಡರೂ ಕೆಳಗೆ ಆಕಾರ ಬೇರೆಯೇ ಆಗಿರುತ್ತದೆ. ಹೊಸದಾಗಿ ಈ ಯಂತ್ರ ಕೊಂಡವರಿಗೆ ನಾನು ಹೇಳುವ ಮೊದಲ ಮಾತು ಬಿಗಿಯ ಬಗ್ಗೆ. ಬ್ಲೇಡು ಹಾಕಿದ ಮೇಲೆ ಬೆರಳಿನಿಂದ ಮೀಟಿ ನೋಡಿ. ತಂತಿಯಂತೆ ಟಿಂಗ್ ಎಂದರೆ ಸರಿ. ಇನ್ನೊಂದು, ಹಲ್ಲುಗಳು ಕೆಳಮುಖವಾಗಿವೆಯೇ ಎಂದು ಉಗುರು ಸವರಿ ನೋಡಿ. ತಲೆಕೆಳಗಾಗಿ ಹಾಕಿ, ಮರ ಕುಪ್ಪಳಿಸುವುದನ್ನು ಕಂಡು ಯಂತ್ರವೇ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋದವನು ನಾನು.

ಹಳೆಯ ಅಚ್ಚುಗಳು ಉಳಿಯಲ್ಲಿ ಕೆತ್ತಿದವು. ನನಗೆ ಕೆತ್ತನೆ ಬರುವುದಿಲ್ಲ, ಈ ಯಂತ್ರವೂ ಕೆತ್ತುವುದಿಲ್ಲ. ಆರಪಾರ ಕತ್ತರಿಸುತ್ತದೆ ಅಷ್ಟೆ. ಆದ್ದರಿಂದ ಬೇರೆ ದಾರಿ ಹಿಡಿದೆ. ಕೆಳಗೊಂದು ಸಾದಾ ಹಲಗೆ, ಅದರ ಮೇಲೆ ಆಕಾರವನ್ನು ಕತ್ತರಿಸಿ ತೆಗೆದ ಇನ್ನೊಂದು ಹಲಗೆ. ಮೇಲಿನಿಂದ ಪಾಕ ಹುಯ್ಯುವುದು. ಬಿಗಿದ ಮೇಲೆ ಮೇಲಿನ ಹಲಗೆಯನ್ನು ಎತ್ತುವುದು. ಸಕ್ಕರೆ ಬೊಂಬೆ ಕೆಳಗಿನ ಹಲಗೆಯ ಮೇಲೆ ಉಳಿಯುತ್ತದೆ. ದಾರ ಬೇಡ, ಗಂಟು ಬೇಡ. ಅತ್ತೆಯ ಊದಿದ ಬೆರಳುಗಳಿಗೂ ಇದು ಸಾಧ್ಯ ಎನಿಸಿತು.

ಆಕಾರ ಯಾವುದೆಂಬ ಬಗ್ಗೆ ಅನುಮಾನವಿರಲಿಲ್ಲ. ನಮ್ಮ ಮನೆಯ ಅಚ್ಚೆಂದರೆ ಕುದುರೆ. ಬಿಳಿ, ಬೆರಳುದ್ದ, ಕತ್ತೆತ್ತಿ, ಒಂದು ಮುಂಗಾಲನ್ನು ಮಡಿಸಿ ನಿಂತದ್ದು, ಬಾಲ ಮೋಟು. ಅಮ್ಮ ಅದನ್ನು ನನ್ನ ಅಂಗೈಯಲ್ಲಿಟ್ಟು "ತಗೋ, ಕುದ್ರೆ" ಎನ್ನುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಆ ನೆನಪಿನಿಂದಲೇ ಕಾಗದದ ಮೇಲೆ ಚಿತ್ರ ಬರೆದೆ. ಮನೆಯಲ್ಲಿದ್ದ ಹಲಸಿನ ಹಲಗೆಯ ಮೇಲೆ ಮೊದಲು ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಕಾಗದ ಅಂಟಿಸಿದೆ. ಹಾಗೆ ಮಾಡಿದರೆ ಕೆಲಸವಾದ ಮೇಲೆ ಕಾಗದ ಸಲೀಸಾಗಿ ಕಿತ್ತು ಬರುತ್ತದೆ, ಬ್ಲೇಡು ಉಜ್ಜಿ ಮರ ಕಪ್ಪಾಗುವುದೂ ಕಡಿಮೆ. ಆಕಾರದ ಒಳಗೆ ಸಣ್ಣ ತೂತು ಕೊರೆದು, ಬ್ಲೇಡಿನ ಮೇಲ್ತುದಿ ಬಿಚ್ಚಿ, ತೂತಿನಲ್ಲಿ ಪೋಣಿಸಿ ಮತ್ತೆ ಬಿಗಿದೆ.

ಹಲಗೆ ಎತ್ತುವಾಗ ಬೊಂಬೆ ಕಚ್ಚಿಕೊಳ್ಳಬಾರದೆಂದರೆ ತೂತಿನ ಗೋಡೆ ನೇರವಾಗಿರಬಾರದು. ಮೇಲೆ ಕಿರಿದಾಗಿ, ಕೆಳಗೆ ಕೂದಲೆಳೆಯಷ್ಟು ಅಗಲವಾಗಿರಬೇಕು. ಅದಕ್ಕಾಗಿ ಯಂತ್ರದ ಮೇಜನ್ನು ತುಸು ವಾಲಿಸಿ ಕತ್ತರಿಸುತ್ತಾರೆ. ವಾಲಿಸಿದ ಮೇಲೆ ಶುರು ಮಾಡಿದ ದಿಕ್ಕಿನಲ್ಲೇ ಸುತ್ತು ಮುಗಿಸಬೇಕು. ನಾನು ಪ್ರದಕ್ಷಿಣೆಯಾಗಿ ಹೊರಟವನು, ಕಾಲುಗಳ ಇಕ್ಕಟ್ಟಿನಲ್ಲಿ ಹಲಗೆ ತಿರುಗಿಸಲಾಗದೆ, ಬ್ಲೇಡು ಬಿಚ್ಚಿ ಇನ್ನೊಂದು ಕಡೆಯಿಂದ ಅಪ್ರದಕ್ಷಿಣೆಯಾಗಿ ಬಂದು ಗೆರೆ ಸೇರಿಸಿದೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅರ್ಧ ಗೋಡೆ ಒಳಕ್ಕೂ ಅರ್ಧ ಗೋಡೆ ಹೊರಕ್ಕೂ ವಾಲಿದೆ ಎಂದು ತಿಳಿದದ್ದು ಪಾಕ ಹುಯ್ದ ಮೇಲೆ.

ಪಾಕ ಮಾಡಿದ್ದು ನನ್ನ ಹೆಂಡತಿ, ಮೊಬೈಲಿನಲ್ಲಿ ನೋಡಿಕೊಂಡು. "ಕುಣಿಗಲ್ ಅತ್ತೇನೇ ಕೇಳಿದ್ರೆ ಆಗ್ತಿರ್ಲಿಲ್ವಾ ರೀ?" ಎಂದು ಅವಳು ಎರಡು ಸಲ ಕೇಳಿದಳು. ಮಾಡಿ ತೋರಿಸಿ ಬೆರಗುಗೊಳಿಸಬೇಕೆಂಬ ಹಟ ನನ್ನದು. ಹಲಗೆ ಎತ್ತಿದರೆ ಕುದುರೆ ಅಲ್ಲಾಡಲಿಲ್ಲ. ಚಾಕುವಿನಿಂದ ಎಬ್ಬಿಸಿದಾಗ ಒಂದು ಕಾಲು ಅಚ್ಚಿನಲ್ಲೇ ಉಳಿಯಿತು. ಅದಕ್ಕಿಂತ ವಿಚಿತ್ರವೆಂದರೆ ಅದರ ಬಣ್ಣ ಹಳದಿ. ಹಲಸಿನ ಮರವನ್ನು ನೀರಲ್ಲಿ ನೆನೆಸಿದರೆ ಅರಿಶಿನದಂಥ ಬಣ್ಣ ಬಿಡುತ್ತದೆ. ಅಚ್ಚನ್ನು ನೆನೆಸದೆ ಪಾಕ ಹುಯ್ಯುವಂತಿಲ್ಲ, ಸಕ್ಕರೆ ಮರಕ್ಕೆ ಹಿಡಿದುಬಿಡುತ್ತದೆ. ಊಟದ ಪದಾರ್ಥ ಮುಟ್ಟುವ ಕೆಲಸಕ್ಕೆ ಮರ ಆರಿಸುವವರು ಮೊದಲು ಒಂದು ಚೂರನ್ನು ಬಿಳಿ ಬಟ್ಟಲಲ್ಲಿ ನೆನೆಹಾಕಿ ನೋಡಿ. ವಾರ್ನಿಷ್ ಬಳಿದು ಗೆಲ್ಲುತ್ತೇನೆ ಎನ್ನಬೇಡಿ. ಸಕ್ಕರೆಗೆ ಅದರ ವಾಸನೆ ಅಂಟುತ್ತದೆ.

ಆ ಮೂರು ಕಾಲಿನ ಹಳದಿ ಕುದುರೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಭಾನುವಾರ ಕುಣಿಗಲ್‌ಗೆ ಹೋದೆ. ಮಾವ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಡಬ್ಬಿ ಇಣುಕಿ, "ಜೂಲಿಲ್ಲ, ಬಾಲ ಮೋಟು. ಇದ್ಯಾವ ಜಾತಿದ್ಲಾ? ನಮ್ ಫಾರಂನಾಗೆ ಇಂಥದ್ದು ಹುಟ್ಟಿದ್ರೆ ನನ್ನೇ ಮನೇಗೆ ಕಳಿಸೋರು," ಎಂದರು. ಅತ್ತೆ ಒಳಗೆ ಅಗಲ ತಟ್ಟೆಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಕುದುರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಇದಕ್ಕೆ ಕಾಮಾಲೆ ಆಗೈತಲ್ಲೋ."

ಅಮ್ಮ ಹೋದ ಮೇಲೆ ಅತ್ತೆಯ ಬಾಯಲ್ಲಿ ನಾನು ಕೇಳಿದ ಮೊದಲ ತಮಾಷೆ ಅದು. ಬಣ್ಣ ಸರಿ ಮಾಡುತ್ತೇನೆ, ಆಕಾರ ಹೇಗಿದೆ ಹೇಳಿ ಎಂದೆ. ಅತ್ತೆ ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡಿದರು.

"ನಮ್ಮನೇಲಿ ಕುದ್ರೆ ಎಲ್ಲಿತ್ತೋ?"

ಇತ್ತು ಎಂದೆ. ಇರಲಿಲ್ಲ ಎಂದರು. ಜಿಂಕೆ ಇತ್ತು, ಕೊಂಬಿನ ಜಿಂಕೆ. ಅವರ ಅಪ್ಪ ಹುತ್ರಿದುರ್ಗದ ಕಡೆಯ ಒಬ್ಬರ ಕೈಲಿ ಮಾಡಿಸಿ ತಂದದ್ದು. ಜಗಲಿಯಿಂದ ಮಾವ, ಆನೆ ಇತ್ತು ಎಂದು ಕೂಗಿದರು. ಒಂದು ದಿನವಾದ್ರೂ ಅಡಿಗೆಮನೆಗೆ ಬಂದು ನೋಡಿದ್ರೆ ತಾನೆ ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ಕುದುರೆ ಇರಲಿಲ್ಲವೆಂಬುದು ಅಷ್ಟು ದೊಡ್ಡ ಸಂಗತಿಯಲ್ಲ. ಆದರೆ ಆ ಕುದುರೆ ನನ್ನ ನೆನಪಿನಲ್ಲಿ ಒಂಟಿಯಾಗಿಲ್ಲ. ಅದು ಅಮ್ಮನ ಒದ್ದೆ ಬೆರಳುಗಳ ಜೊತೆಗಿದೆ, ಅವಳ ದನಿಯ ಜೊತೆಗಿದೆ. ಒಂದು ಅಳತೆ ತಪ್ಪಿದರೆ ಅದೇ ಮಾಪಕದಿಂದ ತೆಗೆದ ಉಳಿದ ಅಳತೆಗಳನ್ನೂ ಪಕ್ಕಕ್ಕಿಡುವುದು ನನ್ನ ಕೆಲಸದ ನಿಯಮ. ಆ ನಿಯಮವನ್ನು ಇಲ್ಲಿಗೆ ತಂದರೆ ಅಮ್ಮನ ಬಗ್ಗೆ ನನ್ನಲ್ಲಿ ಎಷ್ಟು ಉಳಿಯುತ್ತದೆ? ಮನೆಗೆ ಬಂದು ಹಳೆಯ ಫೋಟೊಗಳನ್ನು ಹುಡುಕಿದೆ. ಒಂದರಲ್ಲಿ ಅಮ್ಮನ ಕೈಯಲ್ಲಿ ಎಳ್ಳಿನ ತಟ್ಟೆಯಿದೆ. ದೊಡ್ಡದು ಮಾಡಿ ನೋಡಿದರೆ ತಟ್ಟೆಯಲ್ಲಿ ಬಿಳಿ ಚುಕ್ಕೆಗಳು, ಅಷ್ಟೆ. ನಾಲ್ಕು ಕಾಲಿನ ಯಾವ ಪ್ರಾಣಿಯಾದರೂ ಆಗಬಹುದಿತ್ತು.

ಫೋಟೊ ಹುಡುಕುವ ಮೊದಲು, ಆ ಭಾನುವಾರ ಅತ್ತೆಯ ಮನೆಯಲ್ಲೇ, ಇನ್ನೊಂದು ನಡೆದಿತ್ತು. ನಾನು ಹಳದಿ ಕುದುರೆಯನ್ನೇ ನೋಡುತ್ತ ಕೂತದ್ದನ್ನು ಕಂಡು ಅತ್ತೆ ರಾಗಿ ಹಿಟ್ಟಿನ ತಟ್ಟೆಯನ್ನು ಒಮ್ಮೆ ಅಲ್ಲಾಡಿಸಿ ಸಮ ಮಾಡಿದರು. ಊದಿದ ತೋರುಬೆರಳಿನಿಂದ ಹಿಟ್ಟಿನ ಮೇಲೆ ನಿಧಾನವಾಗಿ ಗೆರೆ ಎಳೆದರು. ಕತ್ತೆತ್ತಿದ ಪ್ರಾಣಿ, ಮಡಿಸಿದ ಮುಂಗಾಲು, ಮೋಟು ಬಾಲ. ಅಲ್ಲಿಯವರೆಗೆ ಅದು ನನ್ನ ಕುದುರೆಯೇ. ಆಮೇಲೆ ತಲೆಯ ಮೇಲೆ ಎರಡು ಕೊಂಬು, ಕೊಂಬಿಗೆ ಕವಲು, ಕವಲಿಗೆ ಕವಲು.

ಇಷ್ಟು ಸಣ್ಣ ಕೊಂಬು ನಿಲ್ಲುವುದಿಲ್ಲ, ಹಲಗೆ ಎತ್ತುವಾಗಲೇ ಮುರಿಯುತ್ತದೆ ಎಂದೆ.

"ಮುರಿದ್ರೆ ಮುರೀಲಿ. ನೆಟ್ಟಗಿರೋದು ಬೀದಿಗೆ, ಮುರಿದಿದ್ದು ಮನೆ ಮಕ್ಳಿಗೆ. ಯಾವಾಗ್ಲೂ ಹಂಗೇ ತಾನೆ?" ಎಂದು, ತಾವು ಬರೆದದ್ದನ್ನೇ ಒಂದು ಗಳಿಗೆ ನೋಡಿ, "ಹುಯ್ಯೋದೇನೋ ಹುಯ್ದೇನು. ಕಟ್ಟೋಳಿಲ್ವಲ್ಲ," ಎಂದರು. ನಾನು ತಟ್ಟೆಯ ಪಕ್ಕ ಸ್ಕೇಲ್ ಇಟ್ಟು, ಮೊಬೈಲನ್ನು ನೆಟ್ಟಗೆ ಮೇಲೆ ಹಿಡಿದು ಫೋಟೊ ತೆಗೆದುಕೊಂಡೆ. ಮರುಕ್ಷಣವೇ ಅವರು ತಟ್ಟೆಯನ್ನು ಡಬ್ಬಿಗೆ ಬಗ್ಗಿಸಿದರು.

ಬಣ್ಣ ಬಿಡದ, ನೆನೆದರೂ ಸೊಟ್ಟಗಾಗದ ಮರ ಬೇಕಿತ್ತು. ಹಳೆಯ ತೇಗವೇ ಸರಿ ಎನಿಸಿತು. ಗುಬ್ಬಿಯಲ್ಲಿ ಕೆಡವಿದ ಮನೆಗಳ ಬಾಗಿಲು, ಕಿಟಕಿ ಮಾರುವ ಅಂಗಡಿಯೊಂದಿದೆ. ಅಲ್ಲಿ ಒಂದು ಕಿಟಕಿಯ ಚೌಕಟ್ಟು ಸಿಕ್ಕಿತು. ಅಂಗಡಿಯಾತ ನನ್ನ ಅಚ್ಚಿನ ಕತೆ ಕೇಳಿ, "ಸಕ್ಕರೆಗೆ ತೇಗನಾ? ನಾನು ಇದನ್ನ ದೇವರ ಮಂಟಪಕ್ಕೆ ಇಟ್ಟಿದ್ದೆ ಸಾರ್," ಎಂದು ನಕ್ಕ. ಮತ್ತೆ, ಅಯಸ್ಕಾಂತ ಇದ್ದರೆ ಮೊದಲು ಮರದ ಮೇಲೆಲ್ಲ ಆಡಿಸಿ ನೋಡಿ ಎಂದೂ ಹೇಳಿ ಕಳಿಸಿದ. ಆಡಿಸಿದೆ. ಮೂರು ಮೊಳೆ ಸಿಕ್ಕವು. ಸಿಗದ ನಾಲ್ಕನೆಯದು ನನ್ನ ಬ್ಲೇಡನ್ನು ತುಂಡು ಮಾಡಿತು.

ತೇಗ ನೋಡಲು ಸೌಮ್ಯ, ಆದರೆ ಬ್ಲೇಡಿನ ಹಲ್ಲನ್ನು ಬೇಗ ತಿನ್ನುತ್ತದೆ. ಮರ ಕತ್ತರಿಸುವ ಬದಲು ತಳ್ಳುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಬ್ಲೇಡು ಬದಲಾಯಿಸಿ, ಉಳಿಸಲು ಹೋಗಬೇಡಿ. ಹುಡಿ ಮೂಗಿಗೆ ಹೋಗದಂತೆ ಮುಖಕ್ಕೆ ಮಾಸ್ಕ್ ಇರಲಿ. ಅಚ್ಚು ಕತ್ತರಿಸುವವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಬೊಂಬೆಯಲ್ಲಿ ಯಾವುದು ಖಾಲಿಯೋ ಅಚ್ಚಿನಲ್ಲಿ ಅದು ಮರ. ಜಿಂಕೆಯ ಎರಡು ಕವಲುಗಳ ನಡುವಿನ ಸಂದು ನನ್ನ ಹಲಗೆಯಲ್ಲಿ ತೆಳುವಾದ ಮರದ ನಾಲಿಗೆ. ಮರದ ಎಳೆ ಆ ನಾಲಿಗೆಗೆ ಅಡ್ಡಲಾಗಿದ್ದರೆ ಬೆರಳು ತಾಗಿದರೂ ಮುರಿಯುತ್ತದೆ. ಆದ್ದರಿಂದ ಚಿತ್ರ ಅಂಟಿಸುವ ಮುಂಚೆ ಎಳೆ ಯಾವ ಕಡೆಗಿದೆ ನೋಡಿ, ಕೊಂಬು ಆ ಕಡೆಗೇ ಬರುವಂತೆ ತಿರುಗಿಸಿಕೊಳ್ಳಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅತ್ತೆಯ ಚಿತ್ರವನ್ನು ಹಾಗೇ ಕತ್ತರಿಸಲಿಲ್ಲ. ಫೋಟೊವನ್ನು ಕಂಪ್ಯೂಟರಿಗೆ ಹಾಕಿ ಕೊಂಬನ್ನು ದಪ್ಪ ಮಾಡಿದೆ, ಕವಲುಗಳನ್ನು ಕಡಿಮೆ ಮಾಡಿದೆ. ಬೊಂಬೆ ಮುರಿಯದಂಥ ಅಚ್ಚು ಮಾಡಿಕೊಡುವುದೇ ಬುದ್ಧಿವಂತಿಕೆ ಎಂದು ನನ್ನ ಲೆಕ್ಕ. ಈ ಸಲ ಒಂದೇ ದಿಕ್ಕಿನಲ್ಲಿ ಸುತ್ತಿದೆ. ಮೂಲೆ ಬಂದಾಗ ಒತ್ತುವುದನ್ನು ನಿಲ್ಲಿಸಿ, ಬ್ಲೇಡು ನಿಂತಲ್ಲೇ ಕುಣಿಯಲು ಬಿಟ್ಟು, ಹಲಗೆಯನ್ನು ಅದರ ಸುತ್ತ ತಿರುಗಿಸಿದೆ. ಮರ ನೆನೆದಾಗ ಬಾಗದಂತೆ ಮೇಲಿನ ಹಲಗೆಯ ಎರಡು ತುದಿಗೂ ಅಡ್ಡಪಟ್ಟಿ ಕೂರಿಸಿದೆ. ಅವನ್ನು ತುಸು ಹೊರಕ್ಕೆ ಚಾಚಿದ್ದರಿಂದ ಅವೇ ಹಿಡಿಗಳಾದವು. ಬೆರಳು ಮಡಿಸದೆ ಅಂಗೈಯಲ್ಲೇ ಎತ್ತಬಹುದು. ಎರಡೂ ಹಲಗೆಗಳನ್ನು ಒತ್ತಿ ಹಿಡಿಯಲು ಪಕ್ಕಕ್ಕೊಂದು ಬೆಣೆ. ಕೈಯಿಂದ ಗುದ್ದಿದರೆ ಬಿಗಿ, ಇನ್ನೊಂದು ಕಡೆಯಿಂದ ಗುದ್ದಿದರೆ ಸಡಿಲ.

ಹೆಂಡತಿ ಪಾಕ ಹುಯ್ದಳು. ಬೆಣೆ ತೆಗೆದು ಹಲಗೆ ಎತ್ತಿದೆ. ಜಿಂಕೆ ಇಡಿಯಾಗಿ, ಬೆಳ್ಳಗೆ ಮಲಗಿತ್ತು. ಎಷ್ಟು ಸಲ ಹುಯ್ದರೂ ಒಂದೂ ಮುರಿಯಲಿಲ್ಲ. ನಮ್ಮಿಬ್ಬರಿಗೂ ಖುಷಿಯಾಯಿತು. ಸಾಲಾಗಿ ಜೋಡಿಸಿಟ್ಟು ನೋಡುತ್ತ ನಿಂತಾಗ ಅವಳು ಮೆಲ್ಲಗೆ, "ತಲೆ ಮೇಲೆ ಎರಡು ನುಗ್ಗೇಕಾಯಿ ತುಂಡು ಇಟ್ಟಂಗಿದೆ ಅಲ್ವಾ?" ಎಂದಳು.

ಹಬ್ಬ ಹತ್ತಿರವಿತ್ತು. ಕೈಯಲ್ಲಿ ಕೆಲಸ ಮಾಡುವ ಅಚ್ಚಿತ್ತು. ಇನ್ನೊಂದಕ್ಕೆ ಸಾಲುವಷ್ಟು ತೇಗವೂ ಇತ್ತು, ಒಂದೇ ಒಂದಕ್ಕೆ. ಅದು ಹಾಳಾದರೆ ಮತ್ತೆ ಮರ ಹುಡುಕಲು ಸಮಯವಿರಲಿಲ್ಲ. ಮಾರನೆಯ ದಿನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆಯುತ್ತ ನನಗೆ ಅನ್ನಿಸಿದ್ದಿಷ್ಟು. ಮೊದಲ ಅಚ್ಚನ್ನು ನನ್ನ ನೆನಪಿನಂತೆ ಮಾಡಿದೆ, ಅದು ತಪ್ಪಾಯಿತು. ಎರಡನೆಯದನ್ನು ನನ್ನ ಲೆಕ್ಕದಂತೆ ಮಾಡಿದೆ, ಅದು ಸರಿಯಾಗಿದೆ, ಆದರೆ ಅದು ಅತ್ತೆಯದಲ್ಲ. ಒಲೆಯ ಮುಂದೆ ನಿಲ್ಲುವುದಿಲ್ಲ ಎನ್ನುತ್ತಿರುವವರು ಅವರು. ಅವರು ನಿಲ್ಲಬೇಕಾದರೆ ಹಲಗೆ ಎತ್ತಿದಾಗ ಅವರ ಗುರುತಿನದ್ದೇ ಕಾಣಬೇಕು. ಅದು ಮುರಿದರೆ ಮುರಿಯಲಿ ಎಂದು ಅವರೇ ಹೇಳಿದ್ದಾರೆ.

ಸಂಜೆ ಬಂದು ಕೊನೆಯ ತುಂಡಿಗೆ ರಾಗಿ ಹಿಟ್ಟಿನ ಚಿತ್ರವನ್ನು ಹಾಗೇ ಅಂಟಿಸಿದೆ. ಒಂದು ಗೆರೆಯನ್ನೂ ತಿದ್ದಲಿಲ್ಲ. ಬೆರಳು ನಡುಗಿ ಗೆರೆ ಸೊಟ್ಟವಾದ ಕಡೆ ಸೊಟ್ಟವಾಗಿಯೇ ಕತ್ತರಿಸಿದೆ. ಇದ್ದುದರಲ್ಲೇ ಸಣ್ಣ ಬ್ಲೇಡು ಹಾಕಿಕೊಂಡೆ. ಪ್ರತಿ ಕವಲಿನ ತುದಿಯಲ್ಲೂ ಉಸಿರು ಹಿಡಿದೆ. ಮರದ ನಾಲಿಗೆಗಳೆಲ್ಲ ನಿಂತವು. ಮರ ನುಣುಪಾಗಿಸುವ ಉಪ್ಪುಕಾಗದವನ್ನು ಕಡ್ಡಿಗೆ ಸುತ್ತಿ ಸಂದುಗಳನ್ನು ಉಜ್ಜಿದೆ.

ಹಬ್ಬದ ಹಿಂದಿನ ವಾರ ಅತ್ತೆಯ ಮನೆಗೆ ಹೋದಾಗ ಎರಡೂ ಅಚ್ಚುಗಳನ್ನು ಒಯ್ದೆ. ದಪ್ಪ ಕೊಂಬಿನದನ್ನು ಚೀಲದಲ್ಲೇ ಬಿಟ್ಟು ಇನ್ನೊಂದನ್ನು ಮುಂದಿಟ್ಟೆ. ಅತ್ತೆ ಹಲಗೆಯ ಖಾಲಿ ಜಾಗದಲ್ಲಿ ಬೆರಳಾಡಿಸಿದರು. ಕೊಂಬಿನ ತುದಿಯವರೆಗೆ ಬೆರಳು ಹೋಗಲಿಲ್ಲ. ಬೆಣೆ ಹೇಗೆ ಗುದ್ದಬೇಕೆಂದು ತೋರಿಸಿದೆ. ಅವರು ಗುದ್ದಿದರು, ಬಿಗಿಯಾಯಿತು. ಮತ್ತೆ ಗುದ್ದಿದರು, ಬಿಚ್ಚಿತು. ಇನ್ನು ಯಾರೂ ಕಟ್ಟಿಕೊಡಬೇಕಿಲ್ಲ, ನೀವೊಬ್ಬರೇ ಮಾಡಬಹುದು ಎಂದು ಹೆಮ್ಮೆಯಿಂದ ಹೇಳಿದೆ.

"ಒಬ್ಳೇ ಮಾಡಕೆ ಇದೇನು ಸಾರೇನೋ?" ಎಂದರು ಅತ್ತೆ. ಅಚ್ಚನ್ನು ನೀರಿನ ಬಕೆಟ್ಟಿಗೆ ಹಾಕಿ, "ನಾಳೆ ಬೆಳಿಗ್ಗೆ ಇರ್ತೀಯಾ?" ಎಂದು ಕೇಳಿದರು. ರಜೆ ಹಾಕಿದೆ.

ಬೆಳಿಗ್ಗೆ ನಾನೆದ್ದು ಬರುವಷ್ಟರಲ್ಲಿ ಒಲೆಯ ಮೇಲೆ ಸಕ್ಕರೆ ಕುದಿಯುತ್ತಿತ್ತು. ಅತ್ತೆ ಅದಕ್ಕೆ ಹಾಲು ಚಿಮುಕಿಸಿ, ಮೇಲೆದ್ದ ಕೊಳೆಯನ್ನು ತೆಗೆದು, ಬಿಳಿ ಪಂಚೆಯ ತುಂಡಿನಲ್ಲಿ ಶೋಧಿಸಿದರು. ಸಣ್ಣ ಬಾಣಲೆಗೆ ಎರಡೇ ಸೌಟು ಹಾಕಿಕೊಂಡು ಕೈಯಾಡಿಸತೊಡಗಿದರು. ಒಮ್ಮೆಗೆ ಅಷ್ಟೇ, ಹೆಚ್ಚು ಹಾಕಿಕೊಂಡರೆ ಹುಯ್ಯುವಷ್ಟರಲ್ಲಿ ಬಾಣಲೆಯಲ್ಲೇ ಬಿಗಿಯುತ್ತದೆ. ನಾನು ಬಾಗಿಲಲ್ಲಿ ನಿಂತಿದ್ದೆ. ತಿರುಗಿ ನೋಡದೆಯೇ ಅತ್ತೆ ಒಲೆಯ ಎಡಕ್ಕಿದ್ದ ಮಣೆಯನ್ನು ಸೌಟಿನಿಂದ ತೋರಿಸಿದರು. ಅಮ್ಮ ಕೂರುತ್ತಿದ್ದ ಮಣೆ ಅದು. ಅದನ್ನು ನಾನು ನೆನಪಿನಿಂದ ಹೇಳುತ್ತಿದ್ದೇನೆ. ಮಾವ ಕೂಡ ಜಗಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

ಅಚ್ಚನ್ನು ನೀರಿನಿಂದ ತೆಗೆದು ಬಟ್ಟೆಯಲ್ಲಿ ಒರೆಸಿ, ಜೋಡಿಸಿ, ಬೆಣೆ ಗುದ್ದಿ ಮುಂದಿಟ್ಟೆ. ಬಾಣಲೆಯ ಅಂಚಿನಲ್ಲಿ ಪಾಕ ಬೆಳ್ಳಗೆ ನೊರೆಗಟ್ಟಿದ್ದೇ ಅತ್ತೆ ಅದನ್ನು ಎತ್ತಿ ಒಂದೇ ಧಾರೆಯಲ್ಲಿ ಹುಯ್ದರು. ಕೊಂಬಿನ ಕವಲುಗಳಿಗೆ ಸಕ್ಕರೆ ಹರಿದು ತುಂಬಿದ್ದನ್ನು ನೋಡಿದೆ. ಕಾದೆವು. ಅತ್ತೆ ಬೆರಳ ಬೆನ್ನಿನಿಂದ ಮುಟ್ಟಿ ನೋಡಿ ತಲೆಯಾಡಿಸಿದರು. ಬೆಣೆ ಬಿಚ್ಚಿದೆ. ಹಲಗೆಯ ಹಿಡಿಗಳಿಗೆ ಅತ್ತೆಯೇ ಅಂಗೈ ಕೊಟ್ಟು ನೇರವಾಗಿ ಎತ್ತಿದರು.

ಟಿಕ್ ಎಂದು ಸದ್ದಾಯಿತು. ಜಿಂಕೆ ಕೆಳಗಿನ ಹಲಗೆಯ ಮೇಲಿತ್ತು. ಎರಡು ಕೊಂಬುಗಳೂ ಮುರಿದು ಪಕ್ಕದಲ್ಲಿ ಬಿದ್ದಿದ್ದವು. ತಲೆಯ ಮೇಲೆ ಎರಡು ಚೂಪಾದ ಮೊಳಕೆಗಳಷ್ಟೇ ಉಳಿದಿದ್ದವು.

ಚೀಲದಲ್ಲಿ ಇನ್ನೊಂದು ಅಚ್ಚಿದೆ, ಅದರಲ್ಲಿ ಕೊಂಬು ಮುರಿಯುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಜಿಂಕೆಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ ಹೆಬ್ಬೆರಳ ಉಗುರಿನಿಂದ ಆ ಎರಡು ಮೊಳಕೆಗಳನ್ನು ಒಂದೊಂದಾಗಿ ಚಿವುಟಿದರು. ಬೆರಳನ್ನು ನೀರಿಗೆ ಅದ್ದಿ ತಲೆಯನ್ನು ಸವರಿ ನುಣುಪು ಮಾಡಿದರು. ನನ್ನ ಕೈ ಹಿಡಿದು ಅಂಗೈಯಲ್ಲಿ ಇಟ್ಟರು.

"ಇಕಾ. ನಿನ್ ಕುದ್ರೆ."

ಅಂಗೈಯಲ್ಲಿ ಅದೇ ಇತ್ತು. ಬಿಳಿ, ಬೆರಳುದ್ದ, ಕತ್ತೆತ್ತಿದ್ದು, ಮಡಿಸಿದ ಮುಂಗಾಲು, ಮೋಟು ಬಾಲ.

"ಮುರಿದಿದ್ದು ಬ್ಯಾಡ ಅಂತ ಕಿರುಚೋನು ನೀನು," ಎಂದರು ಅತ್ತೆ. "ನಿಮ್ಮವ್ವ ಹಿಂಗೇ ಕೊಂಬು ಚಿವುಟಿ, ಒದ್ದೆ ಬೆರಳಲ್ಲಿ ತಿಕ್ಕಿ, ಕುದ್ರೆ ಕಣೋ ಅಂತ ಕೊಡೋಳು. ಊರ್ ತುಂಬ ಕುದ್ರೆ ನೋಡ್ದೋನಲ್ವಾ, ನಂಬ್ಕಂಡು ತಿನ್ನೋನು. ನಂಗೂ ಈಗ್ಲೇ ಗ್ಯಾನ ಬಂದಿದ್ದು ನೋಡು."

ಹಾಗಾದರೆ ನನ್ನ ಕಣ್ಣು ಸರಿಯಾಗಿಯೇ ನೋಡಿತ್ತು, ಕಿವಿ ಸರಿಯಾಗಿಯೇ ಕೇಳಿತ್ತು. ಇಡಿಯಾದವು ಬೀದಿಗೆ ಹೋಗುತ್ತಿದ್ದವು, ನಾನು ಕಂಡದ್ದು ಮನೆಯಲ್ಲಿ ಉಳಿದವನ್ನು. ಇದನ್ನೆಲ್ಲ ಹೇಳಬೇಕೆಂದು ತಲೆಯೆತ್ತಿದೆ. ಅತ್ತೆ ಆಗಲೇ ಒಲೆಯ ಕಡೆ ತಿರುಗಿ ಬಾಣಲೆಗೆ ಇನ್ನೆರಡು ಸೌಟು ಹಾಕಿಕೊಂಡಿದ್ದರು. ಅವರ ಬೆನ್ನು ಸಣ್ಣಗೆ ಅಲುಗುತ್ತಿತ್ತು, ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ಮಾವ, "ಅದುಕ್ಕೇ ಬಾಲ ಮೋಟು," ಎಂದು ತಮಗೆ ತಾವೇ ಹೇಳಿಕೊಂಡರು.

"ಏನ್ ಕುಂತಿದೀಯ? ಪಾಕ ಬಂತು," ಎಂದರು ಅತ್ತೆ. "ಅಚ್ಚು ಕಟ್ಟು."

ಕುದುರೆಯನ್ನು ಬಾಯಿಗೆ ಹಾಕಿ ದವಡೆಗೆ ಒತ್ತಿಕೊಂಡು, ಹಲಗೆಗಳನ್ನು ಜೋಡಿಸಿ ಬೆಣೆ ಗುದ್ದಿದೆ.